ಹೆಪ್ಪುಗಟ್ಟುವ ಸರೋವರದಲ್ಲಿ ಕಪ್ಪೆಚಿಪ್ಪು

ಪ್ರಶ್ನೆ: ಆರ್ಕ್ಟಿಕ್ ಸರೋವರಗಳಲ್ಲಿ ಬಸವನಹುಳು, ಕಪ್ಪೆಚಿಪ್ಪು ಇರುತ್ತವೆಯೇ? ಒಂದರಲ್ಲಿ ಹಲವು ಬಗೆ, ಪಕ್ಕದ್ದರಲ್ಲಿ ಒಂದೂ ಇಲ್ಲವಂತೆ, ಏಕೆ?

ಉತ್ತರ: ಇರುತ್ತವೆ. ಮೊದಲು ನೋಡಬೇಕಾದ್ದು ಆಳ. ಉತ್ತರ ಅಲಾಸ್ಕದಲ್ಲಿ ಚಳಿಗಾಲದ ಮಂಜುಗಡ್ಡೆ 1.5ರಿಂದ 2 ಮೀಟರ್ ದಪ್ಪವಾಗುತ್ತದೆ. ಆಳ ಅದಕ್ಕಿಂತ ಕಡಿಮೆಯಿದ್ದರೆ ನೀರು ತಳದವರೆಗೂ ಹೆಪ್ಪುಗಟ್ಟುತ್ತದೆ. ಆಳವಿದ್ದರೂ, ಹಿಮ ಮುಚ್ಚಿ ಬೆಳಕು ನಿಂತಾಗ ಕೊಳೆಯುವ ಸಸ್ಯಗಳಿಂದ ನೀರಿನ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ.

ಆಮೇಲೆ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ. ಸುಣ್ಣಕಲ್ಲಿನ ನೆಲದಲ್ಲಿ ಅದು ಧಾರಾಳ. ಗ್ರಾನೈಟ್ ನೆಲದ, ಆಮ್ಲೀಯ ನೀರಿನಲ್ಲಿ ಚಿಪ್ಪು ತೆಳುವಾಗುತ್ತದೆ, ಅದರ ಅತ್ಯಂತ ಹಳೆಯ ಭಾಗವಾದ ನೆತ್ತಿ ಸವೆದು ಬಿಳಿಯ ಗುಳಿ ಬೀಳುತ್ತದೆ.

ಇಲ್ಲಿ ನಿಜಕ್ಕೂ ಗಟ್ಟಿಗ ಪಿಸಿಡಿಯಂ, ಬಟಾಣಿ ಕಾಳಿಗಿಂತ ಚಿಕ್ಕ ಚಿಪ್ಪಿ. ಗಂಡು, ಹೆಣ್ಣು ಎರಡೂ ಒಂದೇ ದೇಹದಲ್ಲಿ. ಮರಿಗಳನ್ನು ಕಿವಿರಿನೊಳಗೇ ಸಾಕುತ್ತದೆ. ಹಾಗಾಗಿ ಹಕ್ಕಿಗೆ ಅಂಟಿ ಒಂದೇ ಒಂದು ಬಂದಿಳಿದರೂ ಸಂತತಿ ಶುರುವಾಗಬಹುದು. ದೊಡ್ಡ ಕಪ್ಪೆಚಿಪ್ಪಿಗೆ ಆ ಅನುಕೂಲವಿಲ್ಲ, ಅದರ ಮರಿ ಮೀನಿನ ಮೈಗೆ ಅಂಟಿಕೊಂಡೇ ಬೆಳೆಯಬೇಕು. ಒಗ್ಗುವ ಮೀನಿಲ್ಲದ ಸರೋವರದಲ್ಲಿ ಅದು ನೆಲೆಯೂರದು.

ಮಾದರಿ ಸಂಗ್ರಹಿಸುವವರು ಕೆಸರನ್ನು 0.5 ಮಿಲಿಮೀಟರ್ ಜರಡಿಯಲ್ಲಿ ತೊಳೆಯಿರಿ. ಕಣ್ಣು ದೊಡ್ಡದಾದರೆ ಮರಿಗಳು ಸೋರಿಹೋಗುತ್ತವೆ. ಇಡುವುದು ಎಥನಾಲ್‌ನಲ್ಲಿ. ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗಿ ಚಿಪ್ಪನ್ನೇ ಕರಗಿಸುತ್ತದೆ.