ನೇತ್ರಾಣಿ, ಅಂಡಮಾನ್‌ನಲ್ಲಷ್ಟೇ ಸ್ಕೂಬಾ ಡೈವ್ ಮಾಡ್ತೀನಿ, ಅದೂ ಒಂದೇ ಟ್ಯಾಂಕ್. ಗಾಳಿ ತುಂಬೋ ಬಾಡಿಗೆ ಜಾಕೆಟ್ ಬಿಟ್ಟು ಬ್ಯಾಕ್‌ಪ್ಲೇಟ್ (ಬೆನ್ನಿಗೆ ಕಟ್ಟೋ ಲೋಹದ ತಟ್ಟೆ), ವಿಂಗ್ (ಅದರ ಹಿಂದಿನ ಗಾಳಿಚೀಲ) ಕೊಳ್ಳೋಣ ಅಂತಿದ್ದೀನಿ. 18 ಕೆಜಿ ಲಿಫ್ಟ್ (ತೇಲಿಸೋ ಶಕ್ತಿ) ಸಾಕಾ?

ಸಾಕಾ ಅಂತ ಕೇಳ್ತಿದ್ದೀರಿ, ನನ್ನ ಪ್ರಕಾರ ಅದು ಜಾಸ್ತಿನೇ. ನಾನೂ ಮೊದಲು "ಇರಲಿ ಬಿಡು" ಅಂತ ದೊಡ್ಡದೇ ತಗೊಂಡಿದ್ದೆ. ಅರೆಬರೆ ಗಾಳಿ ಇದ್ದಾಗ ಅದರ ಎರಡೂ ಅಂಚು ಮೇಲೆದ್ದು ಟ್ಯಾಂಕನ್ನ ಮಸಾಲೆ ದೋಸೆ ಥರ ಸುತ್ಕೊಳ್ತಿತ್ತು. ಗಾಳಿ ಆ ಮಡಿಕೆಯಲ್ಲಿ ಸಿಕ್ಕಿಕೊಂಡರೆ ಗಾಳಿ ಬಿಡೋ ಡಂಪ್ ವಾಲ್ವ್‌ನ ದಾರ ಎಳೆದರೂ ಸಲೀಸಾಗಿ ಹೊರಗೆ ಬರಲ್ಲ.

ಲೆಕ್ಕ ಹಾಕಿ ನೋಡಿ. ಬಾಡಿಗೆಗೆ ಸಿಗೋ 11 ಲೀಟರಿನ ಅಲ್ಯೂಮಿನಿಯಂ ಟ್ಯಾಂಕಲ್ಲಿ 200 ಬಾರ್ ತುಂಬಿದಾಗ ಗಾಳಿಯ ತೂಕ ಸುಮಾರು 2.7 ಕೆಜಿ. 3 ಎಂಎಂ ವೆಟ್‌ಸೂಟು ಆಳದಲ್ಲಿ ಅದುಮಿಕೊಂಡು ಕಳ್ಕೊಳ್ಳೋ ತೇಲುವಿಕೆ ಇನ್ನೊಂದೆರಡು ಕೆಜಿ. ಇವೆರಡನ್ನ ತುಂಬಿಕೊಟ್ಟು, ಮೇಲೆ ಬಂದಾಗ ತಲೆ ನೀರಿನಿಂದ ಹೊರಗಿಡೋಕೆ 11ರಿಂದ 13 ಕೆಜಿ ಧಾರಾಳ.

ಪ್ಲೇಟು ಸ್ಟೀಲಾ, ಅಲ್ಯೂಮಿನಿಯಮ್ಮಾ? ಸ್ಟೀಲು ಎರಡೂವರೆ ಕೆಜಿ ಆಸುಪಾಸು, ಅಲ್ಯೂಮಿನಿಯಂ ಒಂದು ಕೆಜಿ. ಈಗ ಸೊಂಟಕ್ಕೆ ನಾಲ್ಕು ಕೆಜಿ ಸೀಸ ಕಟ್ಟೋರಾದರೆ ಸ್ಟೀಲೇ ತಗೊಳ್ಳಿ, ಅಷ್ಟು ಸೀಸ ಇಳಿಯುತ್ತೆ. ಬರೀ ರ‍್ಯಾಶ್‌ಗಾರ್ಡಲ್ಲಿ (ತೆಳು ಈಜಂಗಿ), ಒಂದೆರಡು ಕೆಜಿಯಲ್ಲೇ ಮುಳುಗೋರಿಗೆ ಸ್ಟೀಲ್ ಬೇಡ, ನೀರಲ್ಲಿ ಬಿಚ್ಚಿ ಎಸೆಯೋಕೆ ತೂಕವೇ ಉಳಿಯಲ್ಲ. ವಿಮಾನದ ಲಗೇಜ್ ಲೆಕ್ಕವೂ ಇದೆಯಲ್ಲ.

ದುಡ್ಡಿಗಿಂತ ತಾಳ್ಮೆ ಬೇಕಾಗೋದು ಹಾರ್ನೆಸ್‌ಗೆ. ಒಂದೇ ಉದ್ದನೆಯ ಪಟ್ಟಿ, ಪ್ಲೇಟಿನ ಸೀಳುಗಳಲ್ಲಿ ತೂರಿಸಿ ನಾವೇ ಹೊಂದಿಸಿಕೊಳ್ಳಬೇಕು. ಎಲ್ಲರೂ ಮಾಡೋ ತಪ್ಪು, ಭುಜದ ಪಟ್ಟಿ ಬಿಗಿ ಮಾಡೋದು. ಸೂಟು ಹಾಕ್ಕೊಂಡೇ ಅಳತೆ ನೋಡಿ, ಪಟ್ಟಿಯ ಕೆಳಗೆ ಮೂರು ಬೆರಳು ಸರಾಗವಾಗಿ ಹೋಗಬೇಕು. ತಲೆ ಹಿಂದಕ್ಕೆ ಕೈ ಹಾಕಿದರೆ ಪ್ಲೇಟಿನ ಮೇಲಂಚು ಬೆರಳಿಗೆ ತಾಗಬೇಕು. ತಾಗದಿದ್ದರೆ ಪ್ಲೇಟು ಕೆಳಗೆ ಜಾರಿದೆ ಅಂತ, ಪಟ್ಟಿ ಗಿಡ್ಡ ಮಾಡಿ. ಪ್ಲೇಟನ್ನ ಜಾಗದಲ್ಲಿ ಹಿಡಿದಿಡೋದು ಸೊಂಟದ ಬೆಲ್ಟು, ಕಾಲಸಂದಿಯ ಪಟ್ಟಿ. ಈ ಎರಡನೆಯದನ್ನ ನಿಂತು ಅಳೆದು ಸುಮ್ಮನಾಗಬೇಡಿ. ಕೂತು, ಬಗ್ಗಿ ನೋಡಿ. ನಿಂತಾಗ ಸರಿ ಅನಿಸಿದ್ದು ದೋಣಿಯ ಬೆಂಚಲ್ಲಿ ಕೂತಾಗ ಜೀವ ಹಿಂಡುತ್ತೆ.

ಟ್ಯಾಂಕನ್ನ ಪ್ಲೇಟಿಗೆ ಬಿಗಿಯೋ ಪಟ್ಟಿ, ಅಂದ್ರೆ ಕ್ಯಾಮ್ ಬ್ಯಾಂಡ್, ಮೊದಲು ಒದ್ದೆ ಮಾಡಿ, ಆಮೇಲೆ ಟ್ಯಾಂಕಿಗೆ ಬಿಗೀರಿ. ನೇತ್ರಾಣಿಯಲ್ಲಿ ಒಮ್ಮೆ ಒಣಗಿದ್ದನ್ನೇ ಬಿಗಿದು ಹಾರಿದ್ದೆ. ಹತ್ತು ನಿಮಿಷಕ್ಕೆ ಪಟ್ಟಿ ನೆನೆದು ಸಡಿಲವಾಗಿ, ಟ್ಯಾಂಕು ನಿಧಾನಕ್ಕೆ ಕೆಳಗೆ ಜಾರತೊಡಗಿತು. ಜೊತೆಗಾರ ಹಿಂದಿನಿಂದ ಎತ್ತಿ ಹಿಡಿದು ಮತ್ತೆ ಬಿಗಿದ.

ಡೈವ್ ಮುಗಿಯೋ ಹೊತ್ತಿಗೆ, 5 ಮೀಟರಲ್ಲಿ, 50 ಬಾರ್ ಉಳಿದಾಗ ವಿಂಗ್ ಪೂರ್ತಿ ಖಾಲಿ ಮಾಡಿ ಅಲ್ಲಾಡದೆ ನಿಲ್ಲೋಕೆ ಆಗುತ್ತಾ ನೋಡಿ. ಕೆಳಗೆ ಹೋದರೆ ಸೀಸ ಕಳೆಯಿರಿ, ಮೇಲೆ ಹೋದರೆ ಸೇರಿಸಿ. ಉಳಿದ ಪಟ್ಟಿಯ ತುದಿಯನ್ನ ಮಾತ್ರ ಒಂದಷ್ಟು ಡೈವ್ ಆಗೋವರೆಗೆ ಕತ್ತರಿಸಬೇಡಿ. ನಾನು ಕತ್ತರಿಸಿದೆ, ಮುಂದೆ ದಪ್ಪ ಸೂಟು ಕೊಂಡಾಗ ಹೊಸ ಪಟ್ಟಿ ತರಿಸಬೇಕಾಯ್ತು.