ಬೆಂಗಳೂರು ಬಿಟ್ಟು ಶಿರಸಿ ಕಡೆ ಕೂತು ಕೋಡ್ ಬರೆಯಬಹುದೇ?

ನಮಸ್ಕಾರ. ಐದು ವರ್ಷದಿಂದ ಬೆಂಗಳೂರಿನಲ್ಲಿ ಡೆವಲಪರ್, ಮನೆ ಸಿದ್ದಾಪುರದ ಹತ್ತಿರದ ಹಳ್ಳಿ, ಅಪ್ಪನಿಗೆ ಅಡಿಕೆ ತೋಟ ನೋಡಿಕೊಳ್ಳಲು ಆಗುತ್ತಿಲ್ಲ, ಊರಲ್ಲೇ ಇದ್ದು ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಶಿರಸಿ ಪೇಟೆಯಿಂದ ಹತ್ತು ಕಿಲೋಮೀಟರ್ ದೂರದ ಮನೆಯಲ್ಲಿ ಕೂತು ನಾನು ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು ನೆಟ್ ಹೇಗಿದೆ ಅಂತ. ನಾನು ಮೊದಲು ಹೇಳುವುದು, ನಿಮ್ಮ ಆಫರ್ ಲೆಟರ್ ಹುಡುಕಿ ತೆಗೆದು ಇನ್ನೊಮ್ಮೆ ಓದಿ ಅಂತ.

ಯಾಕೆ ಅಂದರೆ, ಊರಿಗೆ ಬಂದ ಮೊದಲ ವರ್ಷ ಅಪ್ಪನಿಗಾಗಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅಡಿಕೆ ಕೊನೆ ಕೊಯ್ಲಿನ ಲೆಕ್ಕ. ಯಾವ ದಿನ ಎಷ್ಟು ಕೊನೆ ಇಳಿಯಿತು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರಿಗೆ ಕೊಡಬೇಕಾದ್ದೆಷ್ಟು, ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಎಷ್ಟಾಯಿತು, ಸಿಪ್ಪೆ ಸಮೇತ ಒಣಗಿಸಿದ ಚಾಲಿ ಎಷ್ಟು, ಸೊಸೈಟಿಗೆ ಹಾಕಿದಾಗ ಕ್ವಿಂಟಲಿಗೆ ಏನು ದರ ಬಿತ್ತು. ಪಕ್ಕದ ಮನೆಯ ಭಾವ ನೋಡಿ ತನಗೂ ಬೇಕು ಅಂದ. ಹಾಗೇ ನಾಲ್ಕೈದು ಮನೆಗೆ ಹೋಯಿತು. ಬರೆದದ್ದು ರಾತ್ರಿ ಹೊತ್ತು, ಆದರೆ ಕಂಪನಿಯ ಲ್ಯಾಪ್‌ಟಾಪಿನಲ್ಲಿ. ಕೆಲಸ ಬದಲಿಸುವಾಗ ಅದು ತಮ್ಮದು ಅಂತ ಕಂಪನಿಯವರು ಹೇಳಿದರು. ಸಹಿ ಹಾಕಿದ ಕರಾರಿನಲ್ಲಿ ಹಾಗೇ ಇತ್ತು, ನಾನು ಓದಿರಲಿಲ್ಲ. ಅಷ್ಟನ್ನೂ ಅಳಿಸಿ, ಹೊಸ ಕಂಪನಿಯಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆದು, ಸ್ವಂತ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಬರೆದೆ. ಒಂದಿಡೀ ಮಳೆಗಾಲದ ರಾತ್ರಿಗಳು ಅದಕ್ಕೇ ಹೋದವು. ಈಗ ಅದು ಜಿಪಿಎಲ್ 3ರ ಅಡಿಯಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಲೈಸೆನ್ಸ್. ನಾಳೆ ನಾನು ಇಲ್ಲದಿದ್ದರೂ ಊರಿನ ಯಾವ ಹುಡುಗಿಯಾದರೂ ತೆರೆದು ತಿದ್ದಬಹುದು.

1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಸಾಹಿತ್ಯ ಕೃತಿ. ಅದರ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದು ಬೇರೆ ಕರಾರು ಇಲ್ಲದಿದ್ದರೆ ಮಾಲೀಕರದ್ದು. ಅದರಲ್ಲಿ ನನಗೇನೂ ತಕರಾರಿಲ್ಲ, ಸಂಬಳ ಕೊಟ್ಟವರು ಅವರು. ಆದರೆ ಎಷ್ಟೋ ಕರಾರುಗಳು ಇದನ್ನೂ ದಾಟಿ, ನೌಕರಿಯಲ್ಲಿರುವಷ್ಟು ದಿನ ನೀವು ಬರೆದದ್ದೆಲ್ಲ ನಮ್ಮದು ಅನ್ನುತ್ತವೆ. ಹಳ್ಳಿ ಮನೆಯಲ್ಲಿ ಆಫೀಸು ಯಾವುದು, ಜಗಲಿ ಯಾವುದು ಅಂತ ಗೆರೆ ಇರುವುದಿಲ್ಲ. ಅದಕ್ಕೇ ನಮಗೆ ಇದು ಜಾಸ್ತಿ ಮುಖ್ಯ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಡೆ ಇಂಥ ಕೆಲಸ ಮಾಡಬಾರದು ಅಂತ ಬರೆದಿದ್ದರೆ ಅಷ್ಟು ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಅಂತ ಬರೆದುಕೊಡುವ ಬಾಂಡ್ ಮಾತು ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಬ್ಯಾಂಕ್ ಪ್ರಕರಣದಲ್ಲಿ, 3 ವರ್ಷದ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಬಾಂಡ್ ಇದ್ದರೆ ಬಿಡುವ ಮುಂಚೆಯೇ ಒಬ್ಬ ವಕೀಲರಿಗೆ ತೋರಿಸಿ.

ಇನ್ನು ನೆಟ್ಟು, ಕರೆಂಟು. ಆಷಾಢದ ಗಾಳಿಗೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ, ಅದರ ಜೊತೆಗೇ ಫೈಬರ್ ಕೇಬಲ್ಲೂ ತುಂಡು. ನನ್ನ ಹತ್ತಿರ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಇನ್ವರ್ಟರ್ ಇದೆ. ಲೆಕ್ಕಕ್ಕೆ 1,800 ವಾಟ್-ಅವರ್, ಬ್ಯಾಟರಿ ಪೂರ್ತಿ ಖಾಲಿ ಮಾಡದೆ ಕೈಗೆ ಸಿಗುವುದು ಸುಮಾರು 1,100. ಲ್ಯಾಪ್‌ಟಾಪು, ರೂಟರು ಸೇರಿ 70 ವಾಟ್ ಎಂದಿಟ್ಟುಕೊಂಡರೆ ಹದಿನೈದು ಗಂಟೆ. ಫ್ಯಾನು, ಮಿಕ್ಸರಿಗೆಲ್ಲ ಅದನ್ನು ಕೊಡಬೇಡಿ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಅಂಗಳದ ಯಾವ ಮೂಲೆಯಲ್ಲಿ ಯಾವುದು ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ನೀವು ಬಳಸುವ ಟೂಲ್‌ಗಳು. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಹುಟ್ಟಿದ ಕಥೆ ಕೇಳಿರಬಹುದು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರು ಇದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಖಾಸಗಿ ಟೂಲ್ ಅನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಅದರ ಕಂಪನಿ ಆ ಉಚಿತ ಲೈಸೆನ್ಸ್ ವಾಪಸ್ ಪಡೆಯಿತು. ಆಗ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಅದರಲ್ಲಿ ಕೋಡಿನ ಪೂರ್ತಿ ಇತಿಹಾಸ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ. ಬದಲಾವಣೆ ದಾಖಲಿಸಲು (ಕಮಿಟ್), ಬೇರೆ ಕವಲು ತೆಗೆಯಲು (ಬ್ರಾಂಚ್), ಹಳೆಯದನ್ನು ಹುಡುಕಲು ನೆಟ್ ಬೇಡ. ಎರಡು ದಿನ ಕೆಲಸ ಮಾಡಿ, ಪೇಟೆಗೆ ಹೋದಾಗ ಸರ್ವರಿಗೆ ಕಳಿಸಿದ್ದೂ (ಪುಶ್) ಇದೆ. ನಾನು ಬಳಸುವ ಭಾಷೆಗಳ ಡಾಕ್ಯುಮೆಂಟೇಶನ್ ಎಲ್ಲ ಡೌನ್‌ಲೋಡ್ ಮಾಡಿ ಇಟ್ಟಿದ್ದೇನೆ. ಸರ್ವರಿನಲ್ಲಿ ಟಿಮಕ್ಸ್ (ಟರ್ಮಿನಲ್ ಕೆಲಸವನ್ನು ತೆರೆದೇ ಇಡುವ ಪ್ರೋಗ್ರಾಂ) ಇದ್ದರೆ ಸಂಪರ್ಕ ತಪ್ಪಿದರೂ ಕೆಲಸ ಅಲ್ಲೇ ನಿಂತಿರುತ್ತದೆ. ಕೋಡ್ ಬರೆದುಕೊಡುವ ಎಐ ಸಹಾಯಕರನ್ನು ನಾನೂ ಬಳಸುತ್ತೇನೆ. ಆದರೆ ಅದಿಲ್ಲದೆ ಕೈ ಓಡುವುದೇ ಇಲ್ಲ ಅನ್ನುವ ಸ್ಥಿತಿ ನಿಮ್ಮದಾಗಿದ್ದರೆ, ಬರುವ ಮುಂಚೆ ಒಂದು ತಿಂಗಳು ಅದನ್ನು ಬಂದ್ ಮಾಡಿ ನೋಡಿ.

ಬೆಂಗಳೂರನ್ನು ನಾನು ಬೈಯುವುದಿಲ್ಲ. ಪಕ್ಕದ ಕುರ್ಚಿಯವರ ಸ್ಕ್ರೀನ್ ಇಣುಕಿ ನೋಡುತ್ತಾ ಕಲಿತದ್ದು ಅಲ್ಲೇ. ನಿಮ್ಮ ಪ್ರಶ್ನೆಯನ್ನು ಈಗಷ್ಟೇ ಕೆಲಸಕ್ಕೆ ಸೇರಿದವರು ಕೇಳಿದ್ದರೆ ಬೇಡ ಅಂತಿದ್ದೆ. ನಿಮಗೆ ಐದು ವರ್ಷವಾಗಿದೆ, ಸಾಕು. ಆದರೂ ಇಲ್ಲಿ ಬಗ್ ಬಗ್ಗೆ ಮಾತಾಡಲು ಯಾರೂ ಸಿಗುವುದಿಲ್ಲ. ಅದಕ್ಕೆ ನಾನು, ಹೊನ್ನಾವರದ ಒಬ್ಬರು, ಯಲ್ಲಾಪುರದ ಇಬ್ಬರು ವಾರಕ್ಕೊಮ್ಮೆ ಕಾಲ್ ಮಾಡಿಕೊಳ್ಳುತ್ತೇವೆ. ಬರೀ ಕೋಡ್ ಮಾತು.

ಒಂದು ಭಯ ಮಾತ್ರ ನನಗೆ ಹೋಗಿಲ್ಲ. ದೊಡ್ಡ ಕಾಯಿಲೆಯಾದರೆ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು ನೂರು ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ 2019ರಲ್ಲಿ ನಮ್ಮ ಜನ ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದ್ದರು. ಅಪ್ಪನಿಗೆ ಹೃದಯದ ತೊಂದರೆ ಇದ್ದರೆ ಇದನ್ನು ಮನೆಯವರೆಲ್ಲ ಕೂತು ಮಾತಾಡಿ. ಕಾರು ಓಡಿಸುವವರು ಮನೆಯಲ್ಲಿ ಇಬ್ಬರಾದರೂ ಇರಲಿ.

ರಾಜೀನಾಮೆ ಮಾತ್ರ ಈಗಲೇ ಕೊಡಬೇಡಿ. ಮ್ಯಾನೇಜರ್ ಹತ್ತಿರ ಒಂದು ತಿಂಗಳು ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಕೇಳಿ. ಡಿಸೆಂಬರ್ ಕೇಳಬೇಡಿ, ಆಗ ಇಲ್ಲಿ ಎಲ್ಲವೂ ಚೆಂದ. ಜುಲೈ ಕೇಳಿ.