ಅಪ್ಪನ ಗದ್ದ

ದವಡೆ ಸರಿಪಡಿಸುವ ಶಸ್ತ್ರಚಿಕಿತ್ಸೆಯಾದ ಎರಡು ಮೂರು ವಾರಗಳಲ್ಲಿ ಮನಸ್ಸು ಕುಗ್ಗಿ ನನ್ನ ಬಳಿ ಬರುವವರನ್ನು ವಿಜಯಪುರದಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಬಾವು, ನೋವು, ದ್ರವಾಹಾರ, ತೂಕ ಇಳಿಯುವುದು, ಇವನ್ನೆಲ್ಲ ವೈದ್ಯರು ಮೊದಲೇ ತಿಳಿಸಿರುತ್ತಾರೆ. ಹೊಸ ಮುಖವನ್ನು ಕಂಡು ಮನೆಯವರ ಬಾಯಿಂದ ಬರುವ ಮಾತಿಗೆ ಮಾತ್ರ ಯಾರೂ ಸಿದ್ಧರಾಗಿರುವುದಿಲ್ಲ. ಅಂಥ ಒಂದು ಮಾತು ನನ್ನನ್ನು ಬಹಳ ದಿನ ಕಾಡಿದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆ 23 ವರ್ಷದ ಬಿ.ಎಡ್. ವಿದ್ಯಾರ್ಥಿನಿ, ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಕೆಳದವಡೆ ಮುಂದಕ್ಕೆ ಬೆಳೆದಿದ್ದರಿಂದ ಮುಂದಿನ ಹಲ್ಲುಗಳು ಒಂದರ ಮೇಲೊಂದು ಕೂಡುತ್ತಿರಲಿಲ್ಲ. ರೊಟ್ಟಿಯನ್ನು ಕೈಯಿಂದ ಸಣ್ಣಗೆ ಮುರಿದು ದವಡೆ ಹಲ್ಲಿನ ಕಡೆ ತಳ್ಳಿ ಅಗಿಯುವುದು ಚಿಕ್ಕಂದಿನಿಂದ ರೂಢಿಯಾಗಿತ್ತು. ಒಂದೂವರೆ ವರ್ಷ ಹಲ್ಲಿಗೆ ತಂತಿ ಹಾಕಿಸಿಕೊಂಡ ಬಳಿಕ, ಎರಡೂ ದವಡೆಗಳ ಎಲುಬನ್ನು ಕತ್ತರಿಸಿ, ಸರಿಯಾದ ಜಾಗದಲ್ಲಿ ಕೂರಿಸಿ, ಟೈಟಾನಿಯಂ ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿದಿದ್ದರು. ತಾಯಿ ಆಕೆಯನ್ನು ನನ್ನಲ್ಲಿಗೆ ಕರೆತಂದದ್ದು 22ನೆಯ ದಿನ. "ಗಂಜಿ ಕುಡಿಯಾಕ ಒಲ್ಲೆ ಅಂತಾಳ್ರಿ ಮೇಡಂ, ನಾಕ ದಿನಾ ಆತು" ಎಂದರು.

ನನ್ನೆದುರಿಗೇ ಅವರು ಮಗಳಿಗೆ ಮಜ್ಜಿಗೆ ಕುಡಿಸಲು ನೋಡಿದರು. ತಂತಿಗೆ ಸಿಕ್ಕಿಸಿದ ರಬ್ಬರುಗಳಿಂದಾಗಿ ಬಾಯಿ ಬೆರಳಗಲವೂ ತೆರೆಯುತ್ತಿರಲಿಲ್ಲ. ಎರಡನೆಯ ಚಮಚದ ಮಜ್ಜಿಗೆ ತುಟಿಯಿಂದ ಜಾರಿ ಗದ್ದದ ಮೇಲೆ ಇಳಿಯಿತು. ಹುಡುಗಿಗೆ ಅದು ಗೊತ್ತೇ ಆಗಲಿಲ್ಲ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಎಲುಬಿನೊಳಗೇ ಹಾದುಹೋಗುವುದರಿಂದ, ಈ ಶಸ್ತ್ರಚಿಕಿತ್ಸೆಯಲ್ಲಿ ಅದು ಎಳೆತಕ್ಕೆ ಸಿಕ್ಕಿ ಜೋಮು ಹಿಡಿಯುತ್ತದೆ. ಬಹಳ ಮಂದಿಗೆ ಸ್ಪರ್ಶ ಕೆಲವು ತಿಂಗಳುಗಳಲ್ಲಿ ನಿಧಾನವಾಗಿ ಮರಳುತ್ತದೆ. ಕೆಲವರಿಗೆ ಒಂದಿಷ್ಟು ಜಾಗ ಹಾಗೆಯೇ ಉಳಿಯುವುದೂ ಉಂಟು. ತಾಯಿ ಸೆರಗಿನಿಂದ ಮಗಳ ಗದ್ದ ಒರೆಸಿದರು, ಆದರೆ ಒರೆಸುವಾಗ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಿದ್ದರು.

ಅದನ್ನು ಕಂಡೇ ನಾನು ಕೇಳಿದೆ: "ಮಗಳ ಮಾರಿ ನಿಮಗ ಈಗ ಹ್ಯಾಂಗ ಕಾಣ್ತದ?"

ತಾಯಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಖರೇ ಹೇಳ್ಲೇನ್ರಿ? ಇವರಪ್ಪ ಈಕಿ ಗದ್ದದಾಗ ಇದ್ರು. ಥೇಟ್ ಅವರದ ಗದ್ದ. ಅವರು ಹೋದ ಮ್ಯಾಲೆ ಈಕಿ ಮಾರಿ ನೋಡೇ ದಿನಾ ತಗದೀನಿ. ಈಗ ಅಲ್ಲೂ ಇಲ್ಲ."

ಮಗಳು ಹಲ್ಲು ಬಿಗಿದುಕೊಂಡಂತೆಯೇ ಮಾತಾಡಿದಳು: "ಅವ್ವ ದಿನಾ ಇದನ್ನ ಅಂತಾಳ್ರಿ. ಅಪ್ಪನ್ನ ನಾನ ಕೊಯ್ಸಿ ಒಗದೆ ಅನಸ್ತದ."

ಗಂಜಿ ಯಾಕೆ ಬೇಡವಾಗಿತ್ತೆಂದು ಆಗ ತಿಳಿಯಿತು. ದವಡೆಯ ಆಕಾರ ವಂಶದಲ್ಲಿ ಇಳಿದು ಬರುವುದು ಸಾಮಾನ್ಯ. ತಂದೆಯಿಂದ ಬಂದದ್ದನ್ನು ಸರಿಪಡಿಸಿಕೊಂಡ ತಪ್ಪಿಗೆ ಆ ಮಗು ತನ್ನ ಹೊಟ್ಟೆಗೆ ತಾನೇ ಶಿಕ್ಷೆ ಕೊಡುತ್ತಿತ್ತು.

ನಾನು ತಾಯಿಗೆ, ಮಗಳು ಕೇಳುವಂತೆಯೇ, ಸ್ಪಷ್ಟವಾಗಿ ಹೇಳಿದೆ: ನಿಮ್ಮ ದುಃಖ ದೊಡ್ಡದು, ಆದರೆ ಅದನ್ನು ಈ ಹುಡುಗಿಯ ದವಡೆಯ ಮೇಲೆ ಹೊರಿಸಬೇಡಿ, ಆರು ತಿಂಗಳು ಆಕೆಯ ಮುಖದ ಬಗ್ಗೆ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಒಂದು ಮಾತನ್ನೂ ಆಡಬೇಡಿ. ಆರು ತಿಂಗಳೆಂದದ್ದಕ್ಕೆ ಕಾರಣವಿದೆ. ಬಾವು ಮೊದಲ ಎರಡು ಮೂರು ದಿನಗಳಲ್ಲಿ ಏರಿ, ಕೆಲವು ವಾರಗಳಲ್ಲಿ ಬಹುಪಾಲು ಇಳಿದರೂ, ಉಳಿದದ್ದು ಕರಗಿ ಮುಖ ತನ್ನ ರೂಪಕ್ಕೆ ಬಂದು ನಿಲ್ಲಲು ತಿಂಗಳುಗಳೇ ಬೇಕು. 22ನೆಯ ದಿನ ಕಂಡದ್ದು ಆಕೆಯ ಮುಂದಿನ ಮುಖವಲ್ಲ.

ದುಃಖದಲ್ಲಿರುವ ವಿಧವೆಗೆ ಇಷ್ಟು ಕಟುವಾಗಿ ಹೇಳಬಾರದಿತ್ತು, ಅವರನ್ನು ಅಳಲು ಬಿಡಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೂಡುತ್ತಿರುವ ಎಲುಬಿಗೆ ಆಹಾರ ಬೇಕಾದ ಆ ವಾರಗಳಲ್ಲಿ ಹುಡುಗಿ ಗಂಜಿಯನ್ನೂ ಬೇಡವೆನ್ನುತ್ತಿದ್ದಳು. ಇಬ್ಬರ ದುಃಖವನ್ನೂ ಒಂದೇ ಕೋಣೆಯಲ್ಲಿ ತೂಗುತ್ತ ಕೂರುವಷ್ಟು ಸಮಯ ನನಗಿರಲಿಲ್ಲ. ಮೊದಲು ಉಣ್ಣಬೇಕಾದವಳು ಉಣ್ಣಲಿ ಎಂದು ನಾನು ಆಯ್ದುಕೊಂಡೆ, ಇಂದಿಗೂ ಅದನ್ನೇ ಆಯ್ದುಕೊಳ್ಳುತ್ತೇನೆ.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಬದುಕು ಬೇಡವೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದಳು. ಆದರೂ ಎಂದಾದರೂ ರಾತ್ರಿ ಹಾಗೆನಿಸಿದರೆ ಕನ್ನಡದಲ್ಲೇ ಮಾತಾಡಬಹುದೆಂದು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆಕೆಯ ಮೊಬೈಲಿನಲ್ಲಿ ಬರೆಸಿದೆ. ಕನ್ನಡಿಯನ್ನು ಪೂರ್ತಿ ಬಿಡಬೇಡ, ಬೆಳಿಗ್ಗೆ ಬಾಯಿ ಸ್ವಚ್ಛ ಮಾಡುವಾಗ ಒಮ್ಮೆ ನೋಡು, ದಿನವಿಡೀ ಮೊಬೈಲಿನಲ್ಲಿ ಮುಖ ತೆಗೆದು ಹಳೆಯ ಫೋಟೋದ ಪಕ್ಕದಲ್ಲಿಟ್ಟು ಹೋಲಿಸಬೇಡ ಎಂದೆ. ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಬೇಳೆಕಟ್ಟು, ಹಾಲು, ತೆಳ್ಳಗಿನ ಅಂಬಲಿ ತೆಗೆದುಕೊಳ್ಳಲು, ವಾರಕ್ಕೊಮ್ಮೆ ತೂಕ ನೋಡಿ ಶಸ್ತ್ರಚಿಕಿತ್ಸಕರಿಗೆ ತಿಳಿಸಲು ಹೇಳಿದೆ. ಜೋಮಿನ ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಅವರನ್ನೇ ಕೇಳಲು ಹೇಳಿದೆ. ಆಕೆ ಒಂದೇ ಪ್ರಶ್ನೆ ಕೇಳಿದಳು: "ಅಪ್ಪ ಇದ್ದಿದ್ರ ಬ್ಯಾಡ ಅಂತಿದ್ರೇನ್ರಿ?" ನನಗೆ ಗೊತ್ತಿಲ್ಲ, ನಿನಗೇನೆನಿಸುತ್ತದೆ ಎಂದೆ. ತಂದೆಯೂ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ಉಣ್ಣುತ್ತಿದ್ದರೆಂದು ಆಕೆಗೆ ನೆನಪಾಯಿತು. ಅಷ್ಟು ಹೇಳಿ ಅತ್ತಳು; ನಾನು ತಡೆಯಲಿಲ್ಲ.

ಎರಡು ತಿಂಗಳ ಮೇಲೆ, ವೈದ್ಯರ ಅನುಮತಿಯಿಂದ, ಆಕೆ ಬೇಳೆಸಾರಿನಲ್ಲಿ ನೆನೆಸಿದ ರೊಟ್ಟಿ ಉಣ್ಣತೊಡಗಿದ್ದಾಳೆ. ತಾಯಿಗೆ ನಾನು ಬೇರೆಯೇ ಸಮಯ ಕೊಟ್ಟೆ. ಮೊದಲ ದಿನ ಅವರು ಮುಕ್ಕಾಲು ತಾಸು ಗಂಡನ ಬಗ್ಗೆಯೇ ಮಾತಾಡಿದರು. ತೀರಿಕೊಂಡ ಎರಡು ವರ್ಷಗಳಲ್ಲಿ ಅವರ ಹೆಸರು ಹಿಡಿದು ಯಾರೂ ತಮ್ಮನ್ನು ಮಾತಾಡಿಸಿರಲಿಲ್ಲ ಎಂದರು.